ಯಾರೂ ಮಲಗದ ಹಾಸಿಗೆ

ಕಪ್ಪು ಮಖಮಲ್ಲು ಗಜಕ್ಕೆ ಹದಿನೈದು ಶಿಲಿಂಗು. ಒಂದು ಅಂಗಿಗೆ ಮೂರು ಗಜವಾದರೂ ಹಿಡಿಯುತ್ತದೆ, ಹೊಲಿಗೆ ಬೇರೆ. ಕಸ್ತೂರಿ ಹಾಕಿ ಹದ ಮಾಡಿದ ಸ್ಪೇನಿನ ಕೈಗವಸು ಒಂದು ಜೊತೆಗೆ ಐದು ಶಿಲಿಂಗು. ಹೊಸ ವರ್ಷದ ದಿನ ರಾಜರಿಗೆ ಒಪ್ಪಿಸಿದ ಬೆಳ್ಳಿಯ ಬಟ್ಟಲಿನ ರಸೀದಿ, ಆರು ಪೌಂಡು. ಆ ಬಟ್ಟಲನ್ನು ರಾಜರ ಕಣ್ಣಿಗೆ ಬೀಳುವ ಜಾಗದಲ್ಲೇ ಇಡಲೆಂದು ಸೇವಕನ ಕೈ ಬೆಚ್ಚಗೆ ಮಾಡಿದ್ದು ಬೇರೆ. ಗಾರೆಯವನೊಬ್ಬ ತಿಂಗಳಿಡೀ ಮೈಮುರಿದರೂ ಈ ಮಖಮಲ್ಲಿನ ಒಂದು ಗಜ ಅವನ ಕೈಗೆ ಹತ್ತುವುದಿಲ್ಲ.

ಗೆರ್ವೇಸ್ ಥೊರೋಲ್ಡ್ ಒಂದೊಂದನ್ನೇ ಪೆಟ್ಟಿಗೆಯಿಂದ ತೆಗೆದು ಮಂಚದ ಮೇಲೆ ಹರಡುತ್ತ ಲೆಕ್ಕ ಹಾಕಿದ. ಅರಮನೆಯ ವಿಚಾರಣಾಧಿಕಾರಿಯಾಗುವ ಮೊದಲು ಅವನು ನಾರ್ವಿಚ್ಚಿನ ಸಂತೆಯಲ್ಲಿ ಬಟ್ಟೆ ಅಳೆದವನು. ಮನುಷ್ಯ ಆಡುವ ಮಾತಿಗಿಂತ ಅವನು ತೊಡುವ ಬಟ್ಟೆಯನ್ನು ಹೆಚ್ಚು ನಂಬುತ್ತಿದ್ದ.

ಈ ಪೆಟ್ಟಿಗೆಯ ಒಡೆಯ ಆಂಬ್ರೋಸ್ ಫೆನ್. ಇಪ್ಪತ್ತೆರಡರ ಹುಡುಗ. ಎರಡು ವರ್ಷದ ಹಿಂದೆ ಎರವಲು ಕುದುರೆಯ ಮೇಲೆ ಆಸ್ಥಾನಕ್ಕೆ ಬಂದವನು, ನಿನ್ನೆಯವರೆಗೆ ರಾಜರ ಒಳಕೋಣೆಯ ಬೀಗದ ಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಈಗ ಕೆಳಗೆ ಕಾವಲುಗಾರರ ಕೋಣೆಯಲ್ಲಿ ತಾನೇ ಬೀಗದೊಳಗಿದ್ದ.

ಬೆಳಿಗ್ಗೆ ರಾಜರ ಹಾಸಿಗೆಯ ಹುಲ್ಲಿನೊಳಗಿಂದ ಗೇಣುದ್ದದ ಮೇಣದ ಗೊಂಬೆಯೊಂದು ಹೊರಬಂದಿತ್ತು. ಎದೆಗೆ ಚುಚ್ಚಿದ ಸೂಜಿ, ಮೈಗೆ ಸುತ್ತಿದ ಹಸಿರು ರೇಷ್ಮೆಯ ತುಂಡು. ರಾಜರ ಸಾವು ಬಯಸಿ ಮಾಡಿದ ಮಾಟ. ಅದಕ್ಕೆ ಶಿಕ್ಷೆ ಏನೆಂಬುದು ಗ್ರೀನಿಚ್ ಅರಮನೆಯ ಅಡುಗೆಮನೆಯ ಬೆಕ್ಕಿಗೂ ಗೊತ್ತು. ಸಂಜೆ ಥೇಮ್ಸ್ ನದಿಗೆ ಉಬ್ಬರದ ನೀರು ಬಂದೊಡನೆ ದೋಣಿ ಅವನನ್ನು ಟವರ್ ಕೋಟೆಗೆ ಒಯ್ಯುತ್ತದೆ. ಮಾಟದ ಆಪಾದನೆ ಹೊತ್ತು ಆ ಕೋಟೆಯ ನೀರುಬಾಗಿಲಲ್ಲಿ ಒಳಗೆ ಹೋದ ಯಾರೂ ತಲೆ ಹೊತ್ತು ಹೊರಗೆ ಬಂದದ್ದನ್ನು ಥೊರೋಲ್ಡ್ ಕಂಡಿರಲಿಲ್ಲ.

ಉಬ್ಬರ ಬರುವುದರೊಳಗೆ ಏನಾದರೂ ಸಿಗಬೇಕಿತ್ತು.

ಪೆಟ್ಟಿಗೆಯ ತಳದಲ್ಲಿ ನಿಲುವಂಗಿ ಸಿಕ್ಕಿತು. ಒಳಪದರ ಹಸಿರು ರೇಷ್ಮೆ. ಕೆಳಮೂಲೆಯಲ್ಲಿ ಅಂಗೈಯಷ್ಟು ಚೌಕ ಕತ್ತರಿಸಿಹೋಗಿತ್ತು. ಮಂತ್ರಿಸಭೆಯವರು ಇದನ್ನು ಆಗಲೇ ನೋಡಿದ್ದರು. ಗೊಂಬೆಯ ತುಂಡನ್ನು ಇಲ್ಲಿಟ್ಟು ನೋಡಿ, ಹೊಂದಿತು ಎಂದು ತಲೆಯಾಡಿಸಿ, ಊಟಕ್ಕೆ ಎದ್ದುಹೋಗಿದ್ದರು.

ಥೊರೋಲ್ಡ್ ಕಿಟಕಿಯ ಬೆಳಕಿಗೆ ಹಿಡಿದ. ಬೆರಳಿನಿಂದ ಅಂಚನ್ನು ಸವರಿದ. ನಿನ್ನೆ ಕತ್ತರಿಸಿದ ರೇಷ್ಮೆಯ ಅಂಚು ಚೂಪಾಗಿರುತ್ತದೆ, ಉಗುರಿಗೆ ಸಿಗುತ್ತದೆ. ಇಲ್ಲಿ ಎಳೆಗಳು ಬೆರಳಗಲ ಬಿಚ್ಚಿಕೊಂಡು, ಮೊಣಕಾಲಿಗೆ ಉಜ್ಜಿ ಉಜ್ಜಿ, ಕೆಸರು ಹತ್ತಿ ಗಂಟಾಗಿದ್ದವು. ಕತ್ತರಿಸಿದ ಮೇಲೆ ಈ ನಿಲುವಂಗಿಯನ್ನು ಯಾರೋ ಚಳಿಗಾಲವಿಡೀ ತೊಟ್ಟಿದ್ದಾರೆ. ತೊಟ್ಟವನಿಗೆ ಒಳಗೆ ತೂತಿರುವುದು ಗೊತ್ತೇ ಇಲ್ಲ.

ಅಂದಮೇಲೆ ಗೊಂಬೆಯೂ ಹಳೆಯದು.

ಅವನು ಚೀಲದಿಂದ ಗೊಂಬೆಯನ್ನು ತೆಗೆದು ಬೋರಲು ಹಾಕಿದ. ಬೆನ್ನ ಮೇಲೆ ಹುಲ್ಲಿನ ಗುರುತುಗಳಿದ್ದವು. ಅಡ್ಡಾದಿಡ್ಡಿ, ಆಳವಾಗಿ, ಮೇಣದೊಳಕ್ಕೇ ಇಳಿದಿದ್ದವು. ಒಂದು ರಾತ್ರಿಯಲ್ಲಿ ಮೂಡುವ ಗುರುತಲ್ಲ ಅದು. ವಾರಗಟ್ಟಲೆ ಒತ್ತಿಕೊಂಡು ಬಿದ್ದಿದ್ದರೆ ಮಾತ್ರ ಹಾಗಾಗುತ್ತದೆ.

ಆದರೆ ದಿನವೂ ಸಂಜೆ ಆ ಹಾಸಿಗೆಯ ಹುಲ್ಲನ್ನು ಕಠಾರಿಯಿಂದ ಇರಿದು ಪರೀಕ್ಷಿಸುತ್ತಾರೆ. ನಿನ್ನೆಯೂ ಇರಿದಿದ್ದಾರೆ, ಏನೂ ಸಿಕ್ಕಿಲ್ಲ. ಆಮೇಲೆ ಆ ಕೋಣೆಯಲ್ಲಿ ಕಡೆಯವರೆಗೆ ಉಳಿದವನು ದೀಪ ಹಿಡಿದಿದ್ದ ಆಂಬ್ರೋಸ್. ಸಭೆಯ ವಾದವೆಲ್ಲ ನಿಂತದ್ದು ಆ ಕಠಾರಿಯ ಮೇಲೆ.

ಥೊರೋಲ್ಡ್ ಹಾಸಿಗೆಮನೆಗೆ ನಡೆದ.

*

ರಾಜರ ದೊಡ್ಡ ಮಂಚ ಇದ್ದದ್ದು ಪರದೇಶದ ರಾಯಭಾರಿಗಳ ಕಣ್ಣಿಗೆ. ರಾಜರು ಮಲಗುತ್ತಿದ್ದದ್ದು ಗೋಡೆಯಾಚೆಯ ಚಿಕ್ಕ ಕೋಣೆಯಲ್ಲಿ, ಬೆಂಕಿಗೂಡಿನ ಹತ್ತಿರ. ಒಳಗಿನವರಿಗೆಲ್ಲ ಅದು ಗೊತ್ತು, ಯಾರೂ ಆಡುತ್ತಿರಲಿಲ್ಲ. ಆದರೂ ದೊಡ್ಡ ಮಂಚದ ಸೇವೆ ಒಂದು ದಿನವೂ ತಪ್ಪುತ್ತಿರಲಿಲ್ಲ. ಒಬ್ಬ ದೀಪ ಹಿಡಿಯಬೇಕು, ಒಬ್ಬ ಹುಲ್ಲು ಇರಿಯಬೇಕು, ಒಬ್ಬ ಗರಿಹಾಸಿಗೆಯ ಮೇಲೆ ಹೊರಳಾಡಿ ನೋಡಬೇಕು, ಹೊದಿಕೆಯಲ್ಲಿ ಕೈ ತಾಗಿದ ಕಡೆಗೆಲ್ಲ ಮುತ್ತಿಡಬೇಕು. ಕಡೆಗೆ ತೀರ್ಥ ಚಿಮುಕಿಸಿ ಪರದೆ ಎಳೆಯಬೇಕು.

ಇರಿಯುವವನು ಹ್ಯೂ ಡಾಬ್ಸ್. ಗಿಡ್ಡ ಆಳು, ಕೆಂಪು ಕಿವಿ. ಚೆಲ್ಲಾಪಿಲ್ಲಿಯಾದ ಹುಲ್ಲನ್ನು ಗೋಣಿಬಟ್ಟೆಯ ಹಾಸಿಗೆಚೀಲಕ್ಕೆ ಮತ್ತೆ ತುಂಬಿ, ಚೀಲವನ್ನು ಮಂಚಕ್ಕೆ ಎತ್ತಿಹಾಕುತ್ತಿದ್ದ.

"ನಿನ್ನೆ ಇರಿದೋನು ನೀನೇ ತಾನೆ?" ಥೊರೋಲ್ಡ್ ಕೇಳಿದ.

"ನಾನಲ್ದೆ ಇನ್ಯಾರು ಸ್ವಾಮಿ. ಹತ್ತಾರು ವರ್ಷದಿಂದ ನಾನೇ. ಈ ಹುಲ್ಲಿಗೆ ನನ್ ಕಂಡ್ರೆ ನಡುಕ."

"ಒಂದ್ಸಲ ಇರಿದು ತೋರ್ಸು, ನೋಡೋಣ."

"ಈಗ್ಲಾ? ದೀಪ ಇಲ್ಲ, ಮಂದಿ ಇಲ್ಲ..."

"ನಾನಿದೀನಲ್ಲ. ನಾನೇ ಮಂದಿ ಅಂದ್ಕೊ."

ಡಾಬ್ಸ್ ಕಠಾರಿ ತೆಗೆದ. ಮಂಚದ ಬಲಬದಿಗೆ ನಿಂತು, ಮೈ ಬಗ್ಗಿಸಿ, ಸರ್ರನೆ ಇಳಿಸಿದ. ಹಿಡಿಯವರೆಗೂ ಒಳಗೆ ಹೋಯಿತು. ಇನ್ನೊಂದು ಸಲ, ಮತ್ತೊಂದು ಸಲ. ನೋಡಲು ಚೆನ್ನಾಗಿಯೇ ಇತ್ತು.

ಥೊರೋಲ್ಡ್ ಹತ್ತಿರ ಹೋಗಿ ಚೀಲದ ಬಟ್ಟೆಯ ಮೇಲೆ ಅಂಗೈಯಾಡಿಸಿದ. ತಲೆದಿಂಬಿನ ಕಡೆ, ನಡುವೆ, ಕಾಲಿನ ಕಡೆ. ಒಂದು ತೂತಿಲ್ಲ, ಒಂದು ತೇಪೆಯಿಲ್ಲ.

"ಡಾಬ್ಸ್, ನಾನು ಬಟ್ಟೆ ಮಾರಿ ಬದುಕಿದೋನು. ದಿನಾ ಇರಿತ ತಿಂದ ಬಟ್ಟೆ ಇಷ್ಟು ಹೊತ್ತಿಗೆ ಜರಡಿ ಆಗಿರ್ಬೇಕಿತ್ತು. ಇದು ಮದುಮಗಳ ಲಂಗದ ಥರ ಇದೆಯಲ್ಲಪ್ಪ."

ಡಾಬ್ಸನ ಕಿವಿಯ ಕೆಂಪು ಕೆನ್ನೆಗಿಳಿಯಿತು. ಅವನು ಕಠಾರಿಯ ತುದಿಯನ್ನು ನೋಡಿದ, ಬಾಗಿಲನ್ನು ನೋಡಿದ.

"ಹಾಸಿಗೆಗೂ ಮಂಚದ ಹಲಗೆಗೂ ನಡುವೆ ಸಂದಿ ಇದೆ ಸ್ವಾಮಿ," ಎಂದ ತಗ್ಗಿದ ದನಿಯಲ್ಲಿ. "ಅಲ್ಲಿ ಬಿಡ್ತೀನಿ."

"ಎಷ್ಟು ದಿನದಿಂದ?"

"ಈ ಚೀಲ ಹೊಸದಾಗಿ ಬಂದಾಗಿಂದ. ಹರಿದ್ರೆ ಹೊಲಿಗೆ ಖರ್ಚು ನನ್ ಸಂಬಳದಲ್ಲಿ ಮುರ್ಕೊಳ್ತಾರೆ. ಹಳೇ ಚೀಲಕ್ಕೆ ನಾನು ಕೊಟ್ಟಿದ್ದು ಸಾಕಾಗಿತ್ತು. ಯಾರಾದ್ರೂ ಮಲಗೋ ಹಾಸಿಗೆ ಆಗಿದ್ರೆ ನನ್ ಕೈಯಲ್ಲಿ ಆ ಮೋಸ ಬರ್ತಿತ್ತಾ ಸ್ವಾಮಿ? ಇಲ್ಲಿ ಮಲಗೋದು ಧೂಳು. ಧೂಳಿಗೆ ಯಾರು ಮಾಟ ಮಾಡ್ತಾರೆ?"

ಥೊರೋಲ್ಡನಿಗೆ ನಗು ಬಂತು, ನಗಲಿಲ್ಲ.

"ಇದು ಹೊರಗೆ ಬಿದ್ರೆ ನನ್ನ ಗತಿ?" ಡಾಬ್ಸ್ ಕೇಳಿದ. "ಮನೇಲಿ ಐದು ಬಾಯಿ ಇದೆ. ಆರನೇದು ಬರೋದ್ರಲ್ಲಿದೆ."

"ನನ್ನ ಬಾಯಿಂದ ಬೀಳಲ್ಲ."

"ಮಾತು?"

"ಮಾತು. ಈಗ ಹೇಳು, ಈ ಚೀಲಕ್ಕೆ ಹುಲ್ಲು ತುಂಬಿದ್ದು ಯಾವಾಗ?"

"ಆಸ್ಥಾನ ಇಲ್ಲಿಗೆ ಬಂದಾಗ. ಕ್ರಿಸ್‌ಮಸ್‌ಗೆ ಮುಂಚಿನ ವಾರ. ಮಧ್ಯಾಹ್ನ ಹುಲ್ಲು ತಂದು ಈ ಮೂಲೇಲಿ ಸುರಿದ್ವಿ, ಮಾರನೇ ಬೆಳಿಗ್ಗೆ ತುಂಬಿ ಹೊಲಿದ್ವಿ. ಆಮೇಲೆ ಬಿಚ್ಚಿದ್ದು ಇವತ್ತೇ."

"ನಿಂತು ತುಂಬ್ಸಿದೋರು?"

"ಸರ್ ಹಂಫ್ರಿ ಲ್ಯಾಂಗ್ಲಿಯವರು. ಇವತ್ತು ಬಿಚ್ಚಿ ಅಂದೋರೂ ಅವರೇ. ವಾಸನೆ ಬರ್ತಿದೆ ಅಂದ್ರು. ನನಗೇನೂ ಬರ್ತಿರಲಿಲ್ಲ, ನೆಗಡಿ ಇರ್ಬೇಕು ಅಂದ್ಕೊಂಡೆ."

ಸರ್ ಹಂಫ್ರಿ ಆಂಬ್ರೋಸನ ತಾಯಿಯ ತಮ್ಮ. ಆಂಬ್ರೋಸನನ್ನು ಕೈಹಿಡಿದು ಆಸ್ಥಾನಕ್ಕೆ ತಂದವನೇ ಅವನು.

"ಹುಲ್ಲು ತುಂಬಿದಾಗ ಆಂಬ್ರೋಸ್ ಎಲ್ಲಿದ್ದ?"

"ಆ ಹುಡುಗ ಪಾಪ ಊರಲ್ಲಿರಲಿಲ್ಲ ಸ್ವಾಮಿ. ಅವರಪ್ಪ ತೀರ್ಕೊಂಡಿದ್ರಲ್ಲ, ಸಫಕ್‌ಗೆ ಮಣ್ಣಿಗೆ ಹೋಗಿದ್ದ. ಹಿಂದಿನ ದಿನ ಬೆಳಿಗ್ಗೆ ಕಪ್ಪು ಬಟ್ಟೆ ಹಾಕ್ಕೊಂಡು ಕುದುರೆ ಹತ್ತಿದ್ದನ್ನ ಈ ಕಣ್ಣಲ್ಲೇ ನೋಡಿದೀನಿ. ಮೂಗು ಒರೆಸ್ಕೊಂಡು ಒರೆಸ್ಕೊಂಡು ಹೋದ."

ಥೊರೋಲ್ಡ್ ಬಹಳ ಹೊತ್ತಿನ ಮೇಲೆ ನೆಟ್ಟಗೆ ನಿಂತ. ಹುಲ್ಲಿನೊಳಗೆ ಗೊಂಬೆ ಹೋದಾಗ ಹುಡುಗ ಇಡೀ ದಿನದ ದಾರಿಯಾಚೆ ಅಪ್ಪನ ಗುಂಡಿಯ ಬಳಿ ನಿಂತಿದ್ದ. ತಲೆ ಉಳಿಸಲು ಅಷ್ಟು ಸಾಕು.

*

ಸರ್ ಹಂಫ್ರಿ ಒಬ್ಬನೇ ಕುಳಿತು ಊಟ ಮಾಡುತ್ತಿದ್ದ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಮಾಂಸ ಮುಟ್ಟುವಂತಿಲ್ಲ. ಅದರ ಬದಲು ಮೇಜಿನ ಮೇಲೆ ಸಾಸಿವೆ ಹಚ್ಚಿದ ಉಪ್ಪುಮೀನು, ಹಿಟ್ಟಿನ ಪೊರೆಯೊಳಗೆ ಬೇಯಿಸಿದ ಹಾವುಮೀನು, ಬಾದಾಮಿಯ ಪಾಯಸ ಇದ್ದವು.

"ಬನ್ನಿ ಬಟ್ಟೆ ಸಾಹುಕಾರ್ರೇ, ಕೂತ್ಕೊಳ್ಳಿ. ಉಪವಾಸ ಮಾಡಿ ಮಾಡಿ ಹೊಟ್ಟೆ ಬಿರೀತಿದೆ."

"ನಿಮ್ಮ ಅಳಿಯ ಕೆಳಗೆ ಬೀಗದಲ್ಲಿದಾನೆ."

"ಗೊತ್ತು. ಇದರಲ್ಲೇ ಒಂದು ತುಂಡು ಅವನಿಗೂ ಕಳಿಸಿದೀನಿ. ನಮ್ಮಕ್ಕನ ಮಗ ಅಲ್ವೇ."

ಥೊರೋಲ್ಡ್ ಗೊಂಬೆಯನ್ನು ತೆಗೆದು ಸಾಸಿವೆಯ ಬಟ್ಟಲಿನ ಪಕ್ಕ ಬೋರಲು ಇಟ್ಟ.

"ಊಟದ ಮೇಜಿನ ಮೇಲೆ ಇಂಥದ್ದು ಇಡೋದು ನಾರ್ವಿಚ್ ಪದ್ಧತಿನಾ?" ಸರ್ ಹಂಫ್ರಿ ಕೇಳಿದ. ಆದರೆ ಚಾಕು ನಿಂತಿತು.

"ಇದರ ಬೆನ್ನು ನೋಡಿ. ಹುಲ್ಲು ಹೇಗೆ ಒತ್ತಿದೆ. ಆಂಬ್ರೋಸನ ನಿಲುವಂಗೀಲಿ ತುಂಡು ಹೋಗಿರೋ ಕಡೆ ಅಂಚು ನೋಡಿದೀನಿ, ಅದೂ ಹಳೇದು. ಇದು ನಿನ್ನೆ ಇಟ್ಟಿದ್ದಲ್ಲ. ಹುಲ್ಲು ತುಂಬುವಾಗ್ಲೇ ಒಳಗೆ ಹೋಗಿದೆ. ಅವತ್ತು ನಿಂತು ತುಂಬ್ಸಿದೋರು ನೀವು. ಇವತ್ತು ತೆಗೆಸಿದೋರೂ ನೀವು."

"ವಾಸನೆ ಬರ್ತಿತ್ತು."

"ಯಾರೂ ಮಲಗದ ಹಾಸಿಗೆ ವಾಸನೆ ಕಟ್ಕೊಂಡು ನಿಮಗೇನಾಗ್ಬೇಕಿತ್ತು?"

ಸರ್ ಹಂಫ್ರಿ ಬೆರಳು ಒರೆಸಿಕೊಂಡ. ಎದ್ದು ಹೋಗಿ ಬಾಗಿಲಾಚೆ ಯಾರಿದ್ದಾರೆಂದು ನೋಡಿ, ಮುಚ್ಚಿ, ಬಂದು ಕುಳಿತ. ಐವತ್ತರ ಹತ್ತಿರದ ಮನುಷ್ಯ. ಹತ್ತಿರದಿಂದ ನೋಡಿದರೆ ಅವನ ತೋಳಿನ ಮಖಮಲ್ಲು ಸವೆದು ಹೊಳೆಯುತ್ತಿತ್ತು. ಎರಡು ಸಲ ಬಣ್ಣ ಹಾಕಿಸಿದ ಬಟ್ಟೆ.

"ಹೀಗೆ ಇಟ್ಕೊಳ್ಳೋಣ," ಎಂದ. "ಯಾರೋ ಒಬ್ಬ ಮುಂದಾಲೋಚನೆ ಇರೋನು ಅದನ್ನ ಅಲ್ಲಿಟ್ಟಿದ್ದ. ಚಳಿಗಾಲಕ್ಕೆ ಸೌದೆ ಕೂಡಿ ಹಾಕಲ್ವೇ, ಹಾಗೆ. ಯಾರ ಒಲೆಗೆ ಅಂತ ಸೌದೆ ಮೇಲೆ ಬರೆದಿರುತ್ತಾ? ಯಾರು ತಮ್ಮ ಅಳತೆ ಮೀರಿ ಬೆಳೀತಾರೋ ನೋಡ್ಕೊಂಡು, ಆಗ ಹಚ್ಚೋದು."

"ಇದರ ಮೇಲೆ ಬರೆದಿದೆಯಲ್ಲ ಸ್ವಾಮಿ. ಮೈಮೇಲೆ ಹಸಿರು ರೇಷ್ಮೆ ಇದೆ."

ಸರ್ ಹಂಫ್ರಿಯ ನಗು ಮುಖದ ಮೇಲೆ ಉಳಿಯಿತು, ಕಣ್ಣಿನಿಂದ ಹೋಯಿತು.

"ಇಪ್ಪತ್ತು ವರ್ಷ ಹೊರಬಾಗಿಲಲ್ಲಿ ನಿಂತಿದೀನಿ," ಎಂದ. "ರಾಜರು ಬೇಟೆಗೆ ಹೋದ್ರೆ ಮಳೇಲಿ ನಿಂತೆ. ಕಾಯಿಲೆ ಬಿದ್ರೆ ಹಜಾರದಲ್ಲಿ ನಿಂತೆ. ಈ ಹುಡುಗ ಬಂದಾಗ ಬಗ್ಗೋಕೆ ಬರ್ತಿರಲಿಲ್ಲ. ಎಷ್ಟು ಬಗ್ಗಬೇಕು, ಎಲ್ಲಿ ನಗಬೇಕು, ಯಾವಾಗ ಸೋಲಬೇಕು, ಎಲ್ಲಾ ನಾನೇ ಕಲಿಸಿದೆ. ಹೋದ ತಿಂಗಳು ಒಳಕೋಣೆ ಬೀಗದ ಕೈ ಅವನಿಗೆ ಕೊಟ್ರು. ಮಾರನೇ ದಿನ ನಾನು ಬಾಗಿಲಿಗೆ ಹೋದ್ರೆ ಏನಂದ ಗೊತ್ತಾ? 'ಮಾವ, ಒಂಚೂರು ಇಲ್ಲೇ ನಿಂತಿರಿ, ರಾಜರನ್ನ ಕೇಳ್ಕೊಂಡು ಬರ್ತೀನಿ' ಅಂದ."

"ಸೊಕ್ಕಿನಿಂದ ಅಂದನಾ?"

"ಇಲ್ಲ. ಪ್ರೀತಿಯಿಂದಾನೇ ಅಂದ. ಸೊಕ್ಕಾಗಿದ್ರೆ ತಡ್ಕೋಬಹುದಿತ್ತು."

ಹೊರಗೆ ನದಿಯ ಮೆಟ್ಟಿಲ ಮೇಲೆ ದೋಣಿಯವರು ಹುಟ್ಟುಗಳನ್ನು ಎಳೆದುಹಾಕುವ ಸದ್ದು ಕೇಳಿಸಿತು.

"ಸರ್ ಹಂಫ್ರಿ, ಇದೇ ಮಾತನ್ನ ಸಭೇಲಿ ಹೇಳ್ತೀರಾ?"

"ಯಾವ ಮಾತು? ನಾನು ಮೀನು ತಿಂತಾ ಸೌದೆ ವಿಷಯ ಆಡಿದೆ."

"ಹಾಗಾದ್ರೆ ನಾನು ಹೇಳ್ತೀನಿ. ಹುಲ್ಲು ತುಂಬುವಾಗ ಆಂಬ್ರೋಸ್ ಸಫಕ್‌ನಲ್ಲಿ ಅಪ್ಪನ ಗುಂಡಿಗೆ ಮಣ್ಣು ಹಾಕ್ತಿದ್ದ. ಅವನ ನಿಲುವಂಗಿ ಇಲ್ಲಿತ್ತು, ನೀವಿಲ್ಲಿದ್ರಿ. ಬೇರೆ ಏನೂ ಹೇಳೋ ಅಗತ್ಯ ಇಲ್ಲ."

ಸರ್ ಹಂಫ್ರಿ ಹಾವುಮೀನಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಅವನಿಗೆ ಸಮಾಧಾನವಾದಂತಿತ್ತು. ಥೊರೋಲ್ಡನಿಗೆ ಅದು ಹಿಡಿಸಲಿಲ್ಲ.

"ಧಾರಾಳವಾಗಿ ಹೇಳಿ," ಎಂದ ಸರ್ ಹಂಫ್ರಿ. "ಆದ್ರೆ ಮೊದಲು ಹುಡುಗನ್ನ ಒಂದು ಮಾತು ಕೇಳಿ. ಸಫಕ್‌ಗೆ ಯಾವ ದಾರೀಲಿ ಹೋದ ಅಂತ."

ಥೊರೋಲ್ಡ್ ಗೊಂಬೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದ. ಬಾಗಿಲ ಚಿಲಕಕ್ಕೆ ಕೈಹಾಕಿದಾಗ ಹಿಂದಿನಿಂದ ಮಾತು ಬಂತು.

"ಅಂದ ಹಾಗೆ, ಕ್ರಿಸ್‌ಮಸ್‌ನಿಂದ ಅದು ಅಲ್ಲೇ ಇತ್ತು ಅಂದ್ರಿ. ದಿನಾ ಇರಿಯೋ ಡಾಬ್ಸ್‌ನ ಕಠಾರಿಗೆ ಒಂದು ದಿನಾನೂ ಸಿಗಲಿಲ್ವಾ?"

ಥೊರೋಲ್ಡ್ ತಿರುಗುವ ಮೊದಲು ಒಂದು ಕ್ಷಣ ತಡೆದ. ಆ ಒಂದು ಕ್ಷಣ ಹೆಚ್ಚಾಯಿತು.

"ಗೇಣುದ್ದದ ಗೊಂಬೆ," ಎಂದ. "ತಪ್ಪಿಸಿಕೊಂಡಿರಬಹುದು."

"ಇರಬಹುದು," ಎಂದ ಸರ್ ಹಂಫ್ರಿ, ಮೀನಿನ ಮುಳ್ಳನ್ನು ಎಚ್ಚರದಿಂದ ಬಿಡಿಸುತ್ತ.

*

ಆಂಬ್ರೋಸ್ ಕಾವಲುಗಾರರ ಬೆಂಚಿನ ಮೇಲೆ ಅಂಗಿಯಿಲ್ಲದೆ ಬರೀ ಒಳಂಗಿಯಲ್ಲಿ ಕುಳಿತಿದ್ದ. ಮಖಮಲ್ಲಿಲ್ಲದೆ ಅವನು ಕುರಿ ಕಾಯುವ ಹಳ್ಳಿಯ ಹುಡುಗನಂತೆಯೇ ಕಾಣುತ್ತಿದ್ದ. ಪಕ್ಕದಲ್ಲಿ ಮಾವ ಕಳಿಸಿದ ಹಾವುಮೀನು ಅರ್ಧ ತಿಂದು ಇಟ್ಟಿದ್ದ.

"ಬನ್ನಿ ಥೊರೋಲ್ಡ್ ಅವರೇ. ಕೂರೋಕೆ ಹೇಳೋಣ ಅಂದ್ರೆ ಬೆಂಚು ನನ್ನದಲ್ಲ. ನಿನ್ನೆವರೆಗೂ ರಾಯಭಾರಿಗಳನ್ನ ನಿಲ್ಲಿಸ್ತಿದ್ದೆ, ಇವತ್ತು ಕಾವಲುಗಾರ ನನಗೆ ನೀರು ಕೊಡೋಕೆ ಮುಂಚೆ ಇನ್ನೊಬ್ಬನ್ನ ಕೇಳ್ತಾನೆ."

"ಕೇಳಪ್ಪ, ಹೊತ್ತಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ನಿಮ್ಮಪ್ಪನ ಮಣ್ಣಿಗೆ ಹೋದ್ಯಲ್ಲ. ನಿನ್ನ ಜೊತೆ ಯಾರಿದ್ರು? ಪಾದ್ರಿ ಯಾರು? ನಿನ್ನನ್ನ ಅಲ್ಲಿ ಕಂಡೋರ ಎರಡು ಹೆಸರು ಹೇಳು, ಈಗಲೇ ಆಳು ಕಳಿಸ್ತೀನಿ. ಅಲ್ಲೀವರೆಗೂ ದೋಣಿ ನಿಲ್ಲಿಸೋ ಜವಾಬ್ದಾರಿ ನಂದು."

ಹುಡುಗ ಬೆಂಚಿನ ಮೇಲಿನ ರೊಟ್ಟಿಚೂರನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತಿದ.

"ಆಂಬ್ರೋಸ್."

"ನಾನು ಹೋಗಲಿಲ್ಲ," ಎಂದ.

ಥೊರೋಲ್ಡ್ ನಿಧಾನವಾಗಿ ಬೆಂಚಿನ ತುದಿಯಲ್ಲಿ ಕುಳಿತ.

"ಡೆಟ್‌ಫರ್ಡ್ ಸೇತುವೆವರೆಗೆ ಹೋಗಿದ್ದೆ. ಅಲ್ಲಿಗೆ ಮಾವ ಕುದುರೆ ಓಡಿಸ್ಕೊಂಡು ಬಂದ್ರು. ನಾಳೆ ಬೆಳಿಗ್ಗೆ ರಾಜರು ಟೆನಿಸ್ ಆಡ್ತಾರಂತೆ, ಎದುರಿಗೆ ಆಡೋನು ಕಾಲು ಉಳುಕಿಸ್ಕೊಂಡಿದಾನಂತೆ. 'ನಿಮ್ಮಪ್ಪನ್ನ ಹೂಳೋಕೆ ಹಳ್ಳೀಲಿ ಜನ ಇದಾರೆ. ರಾಜರ ಎದುರು ಚೆನ್ನಾಗಿ ಆಡಿ ಚೆನ್ನಾಗಿ ಸೋಲೋಕೆ ನೀನೊಬ್ಬನೇ ಇರೋದು' ಅಂದ್ರು. ನಾನು ಅಲ್ಲೇ ಸೇತುವೆ ಮೇಲೆ ಸುಮ್ನೆ ಕೂತಿದ್ದೆ ಸ್ವಲ್ಪ ಹೊತ್ತು. ಆಮೇಲೆ ಕುದುರೆ ತಿರುಗಿಸಿದೆ."

"ಯಾರೂ ನೋಡಲಿಲ್ವಾ?"

"ಅಪ್ಪನ ಮಣ್ಣು ಬಿಟ್ಟು ಆಟಕ್ಕೆ ಬಂದ ಅಂತ ಆಡ್ಕೊಳ್ತಾರೆ, ಕತ್ತಲಾಗೋವರೆಗೂ ಕಾಣಿಸ್ಕೋಬೇಡ ಅಂದ್ರು ಮಾವ. ಹಿಂದಿನ ಮೆಟ್ಟಿಲಲ್ಲಿ ಕರ್ಕೊಂಡು ಬಂದ್ರು. ಬೆಳಿಗ್ಗೆ ರಾಜರು ಖುದ್ದು ಒಳ ಅಂಗಳಕ್ಕೆ ಕರೆಸಿಕೊಂಡ್ರು, ಅಲ್ಲಿ ಅವರ ಇಬ್ಬರು ಆಪ್ತರು ಬಿಟ್ರೆ ಯಾರೂ ಇರಲಿಲ್ಲ. ವಾರ ಕಳೆದ ಮೇಲೆ ಎಲ್ಲರ ಕಣ್ಣಿಗೆ ಊರಿಂದ ಬಂದೋನ ಥರ ಬಂದೆ. ನಮ್ಮಮ್ಮ ಇನ್ನೂ ಅಂದ್ಕೊಂಡಿದಾಳೆ, ದಾರೀಲಿ ಹಿಮ ಬಿದ್ದು ನಾನು ಸಿಕ್ಕಿಹಾಕ್ಕೊಂಡೆ ಅಂತ."

"ಆ ರಾತ್ರಿ ಎಲ್ಲಿ ಮಲಗಿದ್ದೆ?"

ಕೇಳುವಾಗಲೇ ಥೊರೋಲ್ಡನಿಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಒಳ್ಳೆಯದಿತ್ತು.

"ದೊಡ್ಡ ಹಾಸಿಗೆಮನೇಲಿ. ರಾತ್ರಿ ಅಲ್ಲಿ ಯಾರೂ ಬರಲ್ಲವಲ್ಲ. ಮೂಲೇಲಿ ಹೊಸ ಹುಲ್ಲು ರಾಶಿ ಹಾಕಿದ್ರು, ಅದರ ಮೇಲೇ ಬಿದ್ಕೊಂಡೆ. ಅಳ್ತಿದ್ದೆ ಅನ್ಸುತ್ತೆ. ಮಾವ ಮತ್ತೆ ಬಂದು ಚಳಿಯಾಗುತ್ತೆ ಅಂತ ನನ್ನ ನಿಲುವಂಗಿ ತಂದು ಹೊದಿಸಿದ್ರು. ಕಾಲಿನ ಕಡೆಯೆಲ್ಲ ಮುಚ್ಚಿ, ಅಂಚು ಸಿಕ್ಕಿಸಿ, ನಿದ್ದೆ ಬರೋವರೆಗೂ ಪಕ್ಕದಲ್ಲೇ ಕೂತಿದ್ರು. ನಮ್ಮಪ್ಪ ಕೂಡ ಒಂದಿನ ಹಾಗೆ ಮಾಡಿದೋರಲ್ಲ."

ನದಿಯ ಕಡೆಯಿಂದ ದೋಣಿಯವನ ಕೂಗು ಕೇಳಿಸಿತು. ಉಬ್ಬರ ಬಂದಿತ್ತು.

ಥೊರೋಲ್ಡ್ ಹುಡುಗನ ಮುಖವನ್ನೇ ನೋಡಿದ. ಗೊಂಬೆ ಹುದುಗಿಸಿದ್ದು ಆ ಮಾವನೇ ಎಂದು ಹೇಳಬೇಕೆನಿಸಿತು. ಹೇಳಿದರೆ ಇವನಿಗೆ ಸಿಗುವುದೇನು? ಟವರಿನ ದಾರಿಯಲ್ಲಿ ಜೊತೆಗಿಟ್ಟುಕೊಳ್ಳಲು ಒಂದೂ ಒಳ್ಳೆಯ ನೆನಪಿಲ್ಲದಂತಾಗುತ್ತದೆ.

"ನೀವು ಮಾವನ್ನ ಹೋಗಿ ಕಾಣಿ," ಎಂದ ಆಂಬ್ರೋಸ್ ಎದ್ದು ನಿಂತು. "ಆ ರಾತ್ರಿ ನಾನೆಲ್ಲಿದ್ದೆ ಅನ್ನೋದು ಅವರಿಗೊಬ್ಬರಿಗೇ ಗೊತ್ತಿರೋದು. ನಾನು ಯಾವ ಸ್ಥಿತೀಲಿದ್ದೆ ಅನ್ನೋದನ್ನ ಅವರೇ ಹೇಳಲಿ. ಅವರೊಂದು ಮಾತು ಹೇಳಿದ್ರೆ ಸಾಕು, ಸಭೆ ನಂಬುತ್ತೆ."

"ನಂಬುತ್ತೆ," ಎಂದ ಥೊರೋಲ್ಡ್. ಅದರಲ್ಲಿ ಸುಳ್ಳಿರಲಿಲ್ಲ.

ಕಾವಲುಗಾರ ಬಂದು ಬಾಗಿಲು ತೆರೆದ.

ಮೆಟ್ಟಿಲ ಬಳಿ ದೋಣಿ ತೊನೆಯುತ್ತಿತ್ತು. ಆಂಬ್ರೋಸನನ್ನು ಕೂರಿಸಿದ ಮೇಲೂ ಅವರು ಹಗ್ಗ ಬಿಚ್ಚಲಿಲ್ಲ. ಯಾಕೆಂದು ಥೊರೋಲ್ಡ್ ಕೇಳುವಷ್ಟರಲ್ಲಿ ಅರಮನೆಯ ಕಡೆಯಿಂದ ನಾಲ್ವರು ಇಳಿದುಬಂದರು. ಮುಂದಿನವನು ಕಂಕುಳಲ್ಲಿ ಹಾಸಿಗೆಚೀಲದ ಬಟ್ಟೆಯನ್ನು ಸುತ್ತಿ ಹಿಡಿದಿದ್ದ. ಒಂದು ತೂತಿಲ್ಲದ, ಒಂದು ತೇಪೆಯಿಲ್ಲದ ಬಟ್ಟೆ. ಅದನ್ನು ಅಲ್ಲೇ ಬಿಟ್ಟು ಬಂದಿದ್ದು ತಾನು ಎಂದು ಥೊರೋಲ್ಡನಿಗೆ ಆಗ ನೆನಪಾಯಿತು. ಬಟ್ಟೆಯ ಹಿಂದೆ ಇಬ್ಬರ ನಡುವೆ ಡಾಬ್ಸ್ ಬರುತ್ತಿದ್ದ, ಕೈಗಳನ್ನು ಕಟ್ಟಿದ್ದರು.

ಡಾಬ್ಸ್ ಅವನ ಎದುರಿಗೆ ಬಂದು ನಿಂತ.

"ಹೇಳಲ್ಲ ಅಂದಿದ್ರಿ ಸ್ವಾಮಿ."

"ನಾನು ಹೇಳಲಿಲ್ಲ ಡಾಬ್ಸ್."

ಡಾಬ್ಸ್ ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಅವನನ್ನು ಆಂಬ್ರೋಸನ ಪಕ್ಕದಲ್ಲೇ ಕೂರಿಸಿದರು. ಸರ್ ಹಂಫ್ರಿ ಸಭೆಗೆ ಹೇಳುವ ಕತೆಯಲ್ಲಿ ಈಗ ಅದು ಒಬ್ಬ ಹುಡುಗನ ಮಾಟವಲ್ಲ. ಹುಲ್ಲಿನ ಮೇಲೆ ಮಲಗಿ ಗೊಂಬೆ ಹುದುಗಿಸಿದವನೊಬ್ಬ, ಅದನ್ನು ತಿಂಗಳುಗಟ್ಟಲೆ ಕಠಾರಿಯಿಂದ ಕಾಯ್ದವನೊಬ್ಬ. ಇಬ್ಬರು ಸೇರಿ ಹೂಡಿದ ಸಂಚು. ಕೇಳಿದವರಿಗೆ ಎಲ್ಲೂ ಎಡವಟ್ಟು ಕಾಣದಷ್ಟು ನುಣುಪಾಗಿತ್ತು.

ದೋಣಿ ಹೊರಟಿತು. ಆಂಬ್ರೋಸ್ ತಿರುಗಿ ನೋಡಿ, ಮಾವನಿಗೆ ಹೇಳಿ ಎಂಬಂತೆ ಕೈಯೆತ್ತಿದ.

ಬೆಳಿಗ್ಗೆ ಥೊರೋಲ್ಡ್ ಉಳಿಸಬೇಕಾಗಿದ್ದದ್ದು ಒಂದು ತಲೆಯನ್ನು. ಸಂಜೆಗೆ ಎರಡು ಹೋದವು. ಹುಡುಗ ಒಂದು ಬೆಳಗಿನ ಆಟದಿಂದ ರಾಜರ ಒಳಕೋಣೆಯನ್ನು ಗಳಿಸಿದ್ದ, ಅಪ್ಪನ ಮಣ್ಣನ್ನು ಕಳೆದುಕೊಂಡಿದ್ದ, ಅದರ ಜೊತೆಗೆ ತನ್ನ ಪ್ರಾಣ ಉಳಿಸಬಹುದಾಗಿದ್ದ ಆ ಒಂದೇ ದಿನವನ್ನೂ. ಥೊರೋಲ್ಡನಿಗೆ ಸಿಕ್ಕಿದ್ದು ಅಪರಾಧಿಯ ಹೆಸರು. ಅದನ್ನು ಹೇಳಲು ಅವನ ಬಳಿ ಈಗ ಒಬ್ಬ ಸಾಕ್ಷಿಯೂ ಉಳಿದಿರಲಿಲ್ಲ.